ಬಂಗಾರೆವ್ವ ಕಣಿವೆಯಲ್ಲಿ ಕಟ್ಟಿದ ಮನೆಗಳು

ಗುರುಪ್ರಸಾದನಿಗೆ ನಡೆಯುವುದೆಂದರೆ ಆಗಿಬರುವುದಿಲ್ಲ ಎಂಬುದು ಯೂನಿಯನ್ ಸಿಟಿಯ ಆ ಅಪಾರ್ಟ್‌ಮೆಂಟಿನಲ್ಲಿ ಗುಟ್ಟಿನ ವಿಷಯವೇನೂ ಆಗಿರಲಿಲ್ಲ. ಮೇಲ್‌ಬಾಕ್ಸು ಇದ್ದದ್ದು ಗೇಟಿನ ಹತ್ತಿರ, ಕೂಗಿದರೆ ಕೇಳುವಷ್ಟು ದೂರದಲ್ಲಿ. ಅಲ್ಲಿಗೂ ಅವನು ಕಾರಿನಲ್ಲಿ ಹೋಗುತ್ತಿದ್ದ. ಹಾಗೆ ಹೋಗಿ, ಗೇಟಿನ ಬಳಿ ಪಾರ್ಕಿಂಗು ಸಿಗದೆ, ಒಂದು ಸುತ್ತು ಹಾಕಿ, ಕಾಗದ ತೆಗೆದುಕೊಳ್ಳದೆ ವಾಪಸು ಬಂದದ್ದೂ ಉಂಟು. ಇಂಥವನು ಒಬ್ಬರು ಮರ್ಯಾದಸ್ಥ ಅಮೆರಿಕನ್ ಮುದುಕರ ಎದುರು ನಿಂತು ತಾನು ವಾರ ವಾರ ಹೈಕಿಂಗ್ ಹೋಗುತ್ತೇನೆಂದು ಹೇಳಿಬಿಟ್ಟನೆಂದರೆ, ಅದಕ್ಕೆ ಅವನ ದುರ್ಬುದ್ಧಿ ಕಾರಣವಲ್ಲ, ಸ್ಯಾನ್ ಫ್ರಾನ್ಸಿಸ್ಕೋ ಬೇ ಏರಿಯಾದ ಮನೆಗಳು ಕಾರಣ.

ಕಂಪ್ಯೂಟರುಗಳೆಲ್ಲ ಕೆಟ್ಟು ನಿಲ್ಲುತ್ತವೆಂದು ಹೆದರಿಸಿದ್ದ ವೈಟುಕೆ ಎಂಬ ಗುಮ್ಮ ಬಂದು ಯಾರನ್ನೂ ಕಚ್ಚದೆ ಹೊರಟುಹೋದ ವರ್ಷ ಅದು. ಹೆಸರಿನ ಹಿಂದೆ ಡಾಟ್ ಕಾಮ್ ಅಂಟಿಸಿಕೊಂಡ ಕಂಪನಿಗಳಲ್ಲಿ ಎಲ್ಲರೂ ಕಾಗದದ ಮೇಲೆ ಸಾಹುಕಾರರು. ಗುರುಪ್ರಸಾದನ ಕಂಪನಿ ಇಂಟರ್‌ನೆಟ್ಟಿನಲ್ಲಿ ಛತ್ರಿ ಮಾರುತ್ತಿತ್ತು. ವರ್ಷದ ಮುಕ್ಕಾಲು ಪಾಲು ಮಳೆಯನ್ನೇ ಕಾಣದ ಊರಿನಲ್ಲಿ ಕೂತು ಛತ್ರಿ ಮಾರುವುದಕ್ಕೆ ಆಗ ವಿಷನ್ನು ಅನ್ನುತ್ತಿದ್ದರು.

ಇಂಥ ಸಾಹುಕಾರರೆಲ್ಲ ಒಟ್ಟಿಗೇ ಮನೆ ಕೊಳ್ಳಲು ಹೊರಟಿದ್ದರಿಂದ ಮನೆಗಳಿಗೆ ವಿಪರೀತ ಜಂಬ ಬಂದಿತ್ತು. ಮಾರಾಟದ ಮನೆಯನ್ನು ಎಲ್ಲರಿಗೂ ತೆರೆದಿಡುವ ಭಾನುವಾರದ ಓಪನ್ ಹೌಸಿಗೆ ಹೋಗುವುದೆಂದರೆ ಹೆಣ್ಣು ನೋಡಲು ಹೋದ ಹಾಗೆಯೇ. ಆದರೆ ಇಲ್ಲಿ ಉಪ್ಪಿಟ್ಟು, ಕೇಸರಿಬಾತು ಏನೂ ಇಲ್ಲ. ಒಂದು ಹೆಣ್ಣಿಗೆ ಬೀದಿ ತುಂಬ ವರಗಳು, ಪ್ರತಿಸಲವೂ ಬೇಡ ಅನ್ನುವುದು ಹೆಣ್ಣಿನ ಕಡೆಯವರೇ. ಗುರುಪ್ರಸಾದ ಮತ್ತು ಅವನ ಹೆಂಡತಿ ಜಲಜಾ ಇಡೀ ಚಳಿಗಾಲ ಮನೆ ನೋಡಿ, ಕೇಳಿದ್ದಕ್ಕಿಂತ ಜಾಸ್ತಿ ಕೊಡುತ್ತೇವೆಂದು ಹೇಳಿ, ಎಲ್ಲ ಕಡೆಯೂ ಇಲ್ಲ ಅನ್ನಿಸಿಕೊಂಡು ಬಂದಿದ್ದರು.

ಇವರಿಬ್ಬರಿಗಿಂತ ಹೆಚ್ಚು ಆತುರ ಇದ್ದದ್ದು ಜಲಜಾಳ ತಾಯಿ ಬಂಗಾರೆವ್ವನವರಿಗೆ. ಗದಗಿನ ಹತ್ತಿರದ ಹಳ್ಳಿಯಿಂದ ಆರು ತಿಂಗಳಿಗೆಂದು ಬಂದಿದ್ದರು. ವಾಪಸು ಹೋಗುವ ದಿನ ಹತ್ತಿರ ಬರುತ್ತಿತ್ತು. ಮಗಳ ಸ್ವಂತ ಮನೆಯಲ್ಲಿ ಹಾಲು ಉಕ್ಕಿಸಿಯೇ ವಿಮಾನ ಹತ್ತುವುದೆಂದು ಒಂದು ಹಿತ್ತಾಳೆ ಪಾತ್ರೆಯನ್ನು ಸೀರೆಗಳ ನಡುವೆ ಸುತ್ತಿ ತಂದಿದ್ದರು. ಆ ಪಾತ್ರೆ ಇನ್ನೂ ಸೂಟ್‌ಕೇಸಿನಿಂದ ಹೊರಗೆ ಬಂದಿರಲಿಲ್ಲ.

ಅವರ ಕಡೆ ಗುಡ್ಡದ ದೇವರಿಗೆ ಹೋದವರು ದಾರಿಯ ಬದಿಯಲ್ಲಿ ಕಲ್ಲಿನ ಮೇಲೆ ಕಲ್ಲಿಟ್ಟು ಪುಟ್ಟ ಮನೆ ಕಟ್ಟುತ್ತಾರೆ. ನಮಗೂ ಒಂದು ಸೂರು ಕೊಡಪ್ಪಾ ಎಂದು ಕೈಮುಗಿದು ಬರುತ್ತಾರೆ. ಬಂಗಾರೆವ್ವನವರಿಗೆ ಇದರಲ್ಲಿ ಪೂರ್ತಿ ನಂಬಿಕೆ. ಒಂದೊಂದು ಮನೆ ಕೈತಪ್ಪಿದಾಗಲೂ ಅವರು ಅಪಾರ್ಟ್‌ಮೆಂಟಿನ ಈಜುಕೊಳದ ಸುತ್ತ ಅಂದಕ್ಕೆಂದು ಹಾಕಿದ್ದ ಬಿಳಿ ಕಲ್ಲುಗಳನ್ನು ಆರಿಸಿ ಒಂದು ಮನೆ ಕಟ್ಟುವರು. ಕೊಳ ಸ್ವಚ್ಛ ಮಾಡುವವನು ಬಂದಾಗಲೆಲ್ಲ ಅದನ್ನು ಕೆಡವಿ ಕಲ್ಲು ಹರಡಿ ಹೋಗುವನು. ಹೀಗೆ ಇಬ್ಬರೂ ಒಂದು ಮಾತನ್ನೂ ಆಡದೆ ಚಳಿಗಾಲವೆಲ್ಲ ಕಟ್ಟಿಕೊಂಡು ಕೆಡವಿಕೊಂಡು ಕಾಲ ಹಾಕಿದ್ದರು.

"ಗುಡ್ಡದ ಮ್ಯಾಲ ಕಟ್ಟಿದ್ರ ದೇವ್ರಿಗೆ ಮುಟ್ಟತೈತಿ," ಎಂದು ಅವರು ಮಗಳ ಹತ್ತಿರ ಕೊರಗುತ್ತಿದ್ದರು. "ಈ ಈಜೂ ತೊಟ್ಟಿ ಬಾಜೂಕ ಕಟ್ಟಿದ್ರ ಯಾವ ದೇವ್ರು ನೋಡ್ತಾನ?"

ಹೀಗಿರುವಾಗ ಯೂನಿಯನ್ ಸಿಟಿಯಲ್ಲೇ, ಬಾರ್ಟ್ ರೈಲಿನ ಸ್ಟೇಷನ್ನಿಗೆ ಹತ್ತಿರ, ಹಿತ್ತಲಲ್ಲಿ ನಿಂಬೆಗಿಡವಿದ್ದ ಒಂದು ಮೂರು ಬೆಡ್‌ರೂಮಿನ ಮನೆ ಮಾರಾಟಕ್ಕೆ ಬಂತು. ಯಜಮಾನರು ಮಿಸ್ಟರ್ ಪೀಟರ್ಸನ್, ಹೈಸ್ಕೂಲಿನಲ್ಲಿ ಭೂಗೋಳ ಹೇಳಿಕೊಟ್ಟು ರಿಟೈರಾದವರು, ಒಂಟಿ ಜೀವ. ಅವರಿಗೆ ಮರೆವು ಶುರುವಾಗಿದೆಯೆಂದು ಡ್ಯಾನ್‌ವಿಲ್‌ನಲ್ಲಿದ್ದ ಮಗಳು ಹಟ ಹಿಡಿದು ತನ್ನ ಮನೆಗೆ ಕರೆಸಿಕೊಳ್ಳುತ್ತಿದ್ದಳು. ಒಮ್ಮೆ ಒಲೆ ಆರಿಸುವುದನ್ನು ಮರೆತಿದ್ದರಂತೆ, ಇನ್ನೊಮ್ಮೆ ಕಾರು ಎಲ್ಲಿ ನಿಲ್ಲಿಸಿದ್ದೆ ಎಂಬುದನ್ನು. ಅವರು ಈ ಎರಡನ್ನೂ ಮರೆತಿದ್ದರು, ಮಗಳು ಎರಡನ್ನೂ ನೆನಪಿಟ್ಟುಕೊಂಡಿದ್ದಳು.

ಆ ಮನೆಯ ಮುಂದಿನ ಡ್ರೈವ್‌ವೇ ಸ್ವಲ್ಪ ಏರು. ಗುರುಪ್ರಸಾದ ಅದನ್ನು ಹತ್ತಿ ಒಳಗೆ ಬರುವಷ್ಟರಲ್ಲಿ ಏದುಸಿರು ಬಿಡುತ್ತಿದ್ದ. ಬಂದ ಜನವೆಲ್ಲ ಅಡಿಗೆಮನೆ ಅಳೆಯಲು, ನಲ್ಲಿ ತಿರುಗಿಸಲು ಓಡಿದರೆ ಇವನು ಉಸಿರು ಸುಧಾರಿಸಿಕೊಳ್ಳಲು ನಡುಮನೆಯ ಗೋಡೆಗೆ ಕೈಯೂರಿ ನಿಂತ. ಎದುರಿಗೆ ಒಂದು ದೊಡ್ಡ ಫೋಟೋ. ಕೆಂಪು ಬಂಡೆಗಳ ನಡುವೆ ಭೂಮಿ ಬಾಯಿ ಬಿಟ್ಟುಕೊಂಡು ನಿಂತಿತ್ತು. ಗುರುಪ್ರಸಾದ ಅದನ್ನು ನೋಡುತ್ತ, ಎದೆ ಹಿಡಿದುಕೊಂಡು, ದೀರ್ಘವಾಗಿ ಒಂದು ಉಸಿರು ಬಿಟ್ಟ.

ಪಕ್ಕದಲ್ಲಿ ಯಾರೋ ಬಂದು ನಿಂತರು. ಪೀಟರ್ಸನ್ನರೇ. ಆ ಫೋಟೋ ನೋಡಿ ಇಷ್ಟು ಭಾವುಕನಾದ ಇನ್ನೊಬ್ಬನನ್ನು ಅವರು ಕಂಡಿರಲಿಲ್ಲವಂತೆ. ಅದು ಮರುಭೂಮಿಯಲ್ಲಿರುವ ಮ್ಯೂಲ್‌ಬೋನ್ ಕಣಿವೆ, ಯಾರೂ ಹೋಗದ ಜಾಗ, ನಲವತ್ತು ವರ್ಷದಿಂದ ಇಳಿದು ಹತ್ತಿದ್ದೇನೆ ಎಂದರು. ನೀವೂ ಹೈಕಿಂಗ್ ಹೋಗುತ್ತೀರಾ ಎಂದು ಕೇಳಿದರು. ಗುರುಪ್ರಸಾದ ಸುತ್ತ ನೋಡಿದ. ಅಡಿಗೆಮನೆಯಲ್ಲಿ ಹನ್ನೆರಡು ವರಗಳು ಇಣುಕುತ್ತಿದ್ದರು.

"ವಾರ ವಾರ," ಎಂದ.

ಆಚೆ ಕೋಣೆಯಲ್ಲಿ ಜಲಜಾಳ ಕೈಯಿಂದ ಕಾರಿನ ಕೀಲಿ ಕೆಳಗೆ ಬಿತ್ತು.

ಪೀಟರ್ಸನ್ನರ ಮುಖ ಅರಳಿತು. ಈ ಮನೆಯನ್ನು ಜಾಸ್ತಿ ದುಡ್ಡು ಕೊಡುವವನಿಗಿಂತ ನಡೆಯುವವನಿಗೆ ಕೊಡಬೇಕೆಂದು ಅವರ ಮನಸ್ಸಿನಲ್ಲಿತ್ತು. ಮಗಳ ಮನೆ ಸೇರುವ ಮೊದಲು ಕೊನೆಯದಾಗಿ ಒಂದು ಸಲ ಆ ಕಣಿವೆಗೆ ಇಳಿಯುವವರಿದ್ದರು. ನೀವೂ ಸಂಸಾರ ಸಮೇತ ಬನ್ನಿ, ವ್ಯವಹಾರ ಅಲ್ಲೇ ಮಾತಾಡೋಣ ಎಂದರು. ಮರ್ಯಾದೆಯಿಂದ ತಪ್ಪಿಸಿಕೊಳ್ಳಲು ಗುರುಪ್ರಸಾದನಿಗೆ ಅಲ್ಲಿ ಹತ್ತು ದಾರಿಗಳಿದ್ದವು. ಅವನು ಹನ್ನೊಂದನೆಯದನ್ನು ಹಿಡಿದು ಆಗಲಿ ಎಂದ.

ಸುದ್ದಿ ಕೇಳಿ ಪಕ್ಕದ ಮನೆಯ ವಾಹಿದ್ ಮೊದಲು ನಕ್ಕ, ಆಮೇಲೆ ಗಾಬರಿಯಾದ. ಹುಬ್ಬಳ್ಳಿಯವನು, ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಲ್ಯಾಬಿನಲ್ಲಿ ಕೆಲಸ. ಯಾವುದನ್ನಾದರೂ ಮೊದಲು ಇಲಿಯ ಮೇಲೆ ಪ್ರಯೋಗ ಮಾಡಬೇಕೆಂಬುದು ಅವನ ಸಿದ್ಧಾಂತ. ಇಲಿಯಾಗಿ ಗುರುಪ್ರಸಾದ ತಾನೇ ಸಿಕ್ಕಿದ್ದರಿಂದ ಅವನ ಬೆನ್ನಿಗೆ ದೊಡ್ಡದೊಂದು ಅಕ್ಕಿಚೀಲ ಕಟ್ಟಿ ಅಪಾರ್ಟ್‌ಮೆಂಟಿನ ಮೆಟ್ಟಿಲು ಹತ್ತಿಸಿ ಇಳಿಸಲು ಶುರುಮಾಡಿದ. ವಾಹಿದನ ಹೆಂಡತಿ ಜರೀನಾ ಬಾಗಿಲಲ್ಲಿ ಮಜ್ಜಿಗೆ ಹಿಡಿದು ನಿಲ್ಲುವಳು. ಎರಡನೆಯ ದಿನ ಅಪಾರ್ಟ್‌ಮೆಂಟಿನ ಮ್ಯಾನೇಜರಮ್ಮ ಬಂದು, ನೋಟೀಸು ಕೊಡದೆ ಮನೆ ಖಾಲಿ ಮಾಡುತ್ತಿದ್ದೀರಾ ಎಂದು ಕೇಳಿದಳು. ಅವಳ ಬೆನ್ನ ಹಿಂದೆಯೇ ಆ ಮನೆ ನೋಡಲು ಇಬ್ಬರು ಬಂದು ನಿಂತಿದ್ದರು. ಅಂಥ ಕಾಲ ಅದು.

ಶೂಸು ಕೊಳ್ಳಿಸಿದ್ದೂ ವಾಹಿದನೇ. "ಟ್ಯಾಗ್ ಕೀಳಬ್ಯಾಡಪಾ ಗುರು," ಎಂದು ಎಚ್ಚರಿಸಿದ. "ಒಳಗ ಮಡಚಿ ಇಡು. ಹೋಗಿ ಬಂದ ಮ್ಯಾಲ ವಾಪಸ್ ಕೊಟ್ಟು ಬರೂಣು. ನೀ ಏನ್ ಮತ್ತೊಮ್ಮೆ ಹೋಗಾಂವ?"

ಬಂಗಾರೆವ್ವನವರನ್ನು ಜರೀನಾಳ ಜೊತೆ ಬಿಟ್ಟು ಹೋಗುವುದೆಂದು ಗಂಡ ಹೆಂಡತಿ ಮಾತಾಡಿಕೊಂಡಿದ್ದರು. ಅವರು ಕೇಳಿದ್ದು ಒಂದೇ ಪ್ರಶ್ನೆ, ಅಲ್ಲಿ ಗುಡ್ಡ ಐತೇನು ಎಂದು. ಗುಡ್ಡವಲ್ಲ ಅತ್ತೆ, ತಗ್ಗು, ಮೇಲಿಂದ ಕೆಳಕ್ಕೆ ಇಳಿಯುವುದು ಎಂದು ಗುರುಪ್ರಸಾದ ವಿವರಿಸಿದ. ಇಳಿದವರು ಮತ್ತೆ ಹತ್ತಬೇಕಲ್ಲ, ಹಂಗಾದ್ರ ಅದು ಗುಡ್ಡನ ಆತು ಎಂದು ಅವರು ಸೀರೆ ಮಡಚಿ ಚೀಲಕ್ಕೆ ಹಾಕಿದರು.

ಕಣಿವೆಗೆ ಇಳಿಯುವವರು ರೇಂಜರ್ ಆಫೀಸಿನಲ್ಲಿ ಪರ್ಮಿಟ್ಟು ಪಡೆಯಬೇಕು. ಪೀಟರ್ಸನ್ನರು ತಮ್ಮ ಹಳೆಯ ಟ್ರಕ್ಕಿನಲ್ಲಿ, ಇವರು ಕಾರಿನಲ್ಲಿ ಇಡೀ ದಿನ ಓಡಿಸಿ ಅಲ್ಲಿಗೆ ಹೋದಾಗ ಅಲ್ಲಿದ್ದ ರೇಂಜರ್ ಹುಡುಗಿ ನಾಲ್ವರನ್ನೂ ನೋಡಿದಳು. ಪೀಟರ್ಸನ್ನರು ಸವೆದ ಬೂಟು, ಬಣ್ಣ ಹೋದ ಟೋಪಿಯಲ್ಲಿ ಸರಿಯಾಗಿಯೇ ಕಂಡರು. ಜಲಜಾಳೂ ಪರವಾಗಿಲ್ಲ. ಗುರುಪ್ರಸಾದನ ಮೈಮೇಲೆ ವಾಹಿದ ಕೊಡಿಸಿದ ಟೋಪಿ, ಚೀಲ, ಶೂಸು ಎಲ್ಲವೂ ಏಕಕಾಲಕ್ಕೆ ಇದ್ದವು. ಇಳಕಲ್ ಸೀರೆಯನ್ನು ಮೇಲೆತ್ತಿ ಕಟ್ಟಿ, ಕೆಳಗೆ ಮಗಳ ಹಳೆಯ ಶೂಸು ಹಾಕಿದ್ದ ಬಂಗಾರೆವ್ವನವರ ಹತ್ತಿರ ಬಂದಾಗ ರೇಂಜರ್ ಪೆನ್ನು ಕೆಳಗಿಟ್ಟಳು. ಚೀಲದಲ್ಲಿ ಏನಿದೆ ಎಂದು ಕೇಳಿದಳು. ಜಲಜಾ ಪ್ರೆಷರ್ ಕುಕ್ಕರು ಹೊರಗೆ ತೆಗೆದಳು. ರೇಂಜರ್ ತುಸು ಹಿಂದೆ ಸರಿದು ತನ್ನ ಮೇಲಿನವರಿಗೆ ಫೋನು ಮಾಡಿದಳು. ಮೇಲಿನವರು ಬಂದರು, ಅವರ ಮೇಲಿನವರೂ ಬಂದರು. ಇದರಲ್ಲಿ ಅನ್ನ ಮಾಡುತ್ತಾರೆ ಎಂದು ಪೀಟರ್ಸನ್ನರೇ ಸಾಕ್ಷಿ ನುಡಿದ ಮೇಲೆ ಪರ್ಮಿಟ್ಟು ಸಿಕ್ಕಿತು, ಕುಕ್ಕರು ಆಫೀಸಿನಲ್ಲೇ ಉಳಿಯಿತು.

ಮರುದಿನ ಬೆಳಗ್ಗೆ ಕಣಿವೆಯ ಅಂಚಿನಲ್ಲಿ ನಿಂತಾಗ ಬೋರ್ಡಿಲ್ಲ, ಕಂಬವಿಲ್ಲ, ಮನುಷ್ಯರ ಸುಳಿವಿಲ್ಲ. ಕೆಳಗೆ ಕೆಂಪು ಕಲ್ಲಿನ ಗೋಡೆಗಳು, ಗೋಡೆಗಳ ನಡುವೆ ಹತ್ತಾರು ಕವಲು ಸೀಳುಗಳು. ಪೀಟರ್ಸನ್ನರು ಒಂದು ಪುಟ್ಟ ಕಲ್ಲುಗುಪ್ಪೆಯನ್ನು ತೋರಿಸಿದರು. ಚಪ್ಪಟೆ ಕಲ್ಲುಗಳನ್ನು ಒಂದರ ಮೇಲೊಂದು ಪೇರಿಸಿದ್ದರು. ಇಲ್ಲಿ ದಾರಿ ತೋರಿಸುವುದು ಇದೊಂದೇ ಎಂದು ಪಾಠದ ದನಿಯಲ್ಲಿ ಹೇಳಿದರು. ಇಳಿಯುವಾಗ ಎಲ್ಲ ಕವಲೂ ಕೆಳಗೆ ಒಂದೇ ಕಡೆ ಸೇರುತ್ತವೆ, ಭಯವಿಲ್ಲ. ಹತ್ತುವಾಗ ಮಾತ್ರ ಪ್ರತಿ ಕವಲಿನಲ್ಲೂ ಗುಪ್ಪೆ ಯಾವ ಕಡೆ ಇದೆಯೋ ಆ ಕಡೆಗೇ ತಿರುಗಬೇಕು. ಇದನ್ನು ಕೆಡವುವುದೂ ತಪ್ಪು, ಸುಮ್ಮನೆ ಇನ್ನೊಂದು ಕಟ್ಟುವುದೂ ತಪ್ಪು. ಎರಡರಿಂದಲೂ ಜನ ಪ್ರಾಣ ಕಳೆದುಕೊಳ್ಳುತ್ತಾರೆ.

ಇವರು ಇಷ್ಟೊತ್ತು ಏನಂದರು ಎಂದು ಬಂಗಾರೆವ್ವ ಅಳಿಯನನ್ನು ಕೇಳಿದರು. ಅಳಿಯ ಆಗ ತನ್ನ ಮೊಣಕಾಲಿನ ಯೋಚನೆಯಲ್ಲಿದ್ದ.

"ಕಲ್ಲು ಪೇರಿಸಿ ಇಟ್ಟಿದ್ದಾರಂತೆ, ಅತ್ತೆ. ತುಂಬಾ ಮುಖ್ಯ ಅಂತೆ," ಎಂದ.

ಪೀಟರ್ಸನ್ನರ ಇಡೀ ಪಾಠ ಕನ್ನಡಕ್ಕೆ ಬಂದದ್ದು ಇಷ್ಟು. ಬಂಗಾರೆವ್ವ ಬಗ್ಗಿ ಆ ಗುಪ್ಪೆಯನ್ನು ಭಕ್ತಿಯಿಂದ ನೋಡಿದರು. "ಪಾಪ," ಎಂದರು. "ಇಲ್ಲೀ ಮಂದೀಗೂ ಮನಿ ಸಿಗವಲ್ದು ಕಾಣ್ತೈತಿ." ಗುರುಪ್ರಸಾದ ಕೇಳಿಸಿಕೊಳ್ಳದೆಯೇ ಹೂಂಗುಟ್ಟಿದ.

ಇಳಿಯುವುದು ಸುಲಭವೆಂದು ಹೇಳಿದವನು ಯಾರೋ, ಅವನಿಗೆ ಮೊಣಕಾಲು ಇದ್ದಿರಲಾರದು. ಗುರುಪ್ರಸಾದ ಅರ್ಧ ದಾರಿ ನಡೆದ, ಉಳಿದರ್ಧ ಕೂತು ಜಾರಿದ. ಮುಂದೆ ಪೀಟರ್ಸನ್ನರು, ಅವರ ಹಿಂದೆ ಜಲಜಾ, ಆಮೇಲೆ ಇವನು. ಎಲ್ಲರಿಗಿಂತ ಹಿಂದೆ ಬಂಗಾರೆವ್ವ. ಒಂದೊಂದು ಕವಲಿನಲ್ಲೂ ಅವರು ಕಣ್ಮರೆಯಾಗಿ, ಸ್ವಲ್ಪ ಹೊತ್ತಿನ ಮೇಲೆ ಕೈಯ ಧೂಳು ಝಾಡಿಸಿಕೊಳ್ಳುತ್ತ ಬರುತ್ತಿದ್ದರು. ಸುಸ್ತಾಗಿರಬೇಕೆಂದು ಜಲಜಾ ಮರುಗಿದಳು. ನಿಮ್ಮೆಲ್ಲರಲ್ಲಿ ಆ ಹೆಂಗಸೊಬ್ಬರಿಗೇ ನಡೆಯಲು ಗೊತ್ತು, ನೋಡಿ, ನಿಂತು ನಿಂತು ಪ್ರಕೃತಿ ಸೌಂದರ್ಯ ಸವಿಯುತ್ತಿದ್ದಾರೆ ಎಂದು ಪೀಟರ್ಸನ್ನರು ಮೆಚ್ಚಿಕೊಂಡರು. ಚಪ್ಪಟೆ ಕಲ್ಲುಗಳು ಕಾಲಿಗೊಂದು ಕೈಗೊಂದು ಸಿಗುವ ಇಂಥ ಜಾಗವನ್ನು ಬಂಗಾರೆವ್ವ ಜನ್ಮದಲ್ಲಿ ಕಂಡಿರಲಿಲ್ಲ. ಈಜುಕೊಳದ ಗುಂಡು ಕಲ್ಲುಗಳ ಜೊತೆ ಇಡೀ ಚಳಿಗಾಲ ಹೆಣಗಿದ್ದ ಕೈಗೆ ಈಗ ಬಿಡುವೇ ಇರಲಿಲ್ಲ.

ತಳದಲ್ಲಿ ತೆಳ್ಳಗೆ ನೀರು ಹರಿಯುತ್ತಿತ್ತು. ಅಲ್ಲಿ ಡೇರೆ ಹಾಕಿದರು. ಪೀಟರ್ಸನ್ನರು ಬಿಸಿನೀರು ಸುರಿದು ತಿನ್ನುವ ಏನೋ ಒಂದು ಪೊಟ್ಟಣ ಒಡೆಯುವಷ್ಟರಲ್ಲಿ ಬಂಗಾರೆವ್ವ ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಕೆಂಪು ಖಾರ ಬಿಚ್ಚಿ ಅವರ ಮುಂದಿಟ್ಟರು. ಭಾರವಿಲ್ಲ, ಕೆಡುವುದಿಲ್ಲ, ಬೇಯಿಸಬೇಕಾಗಿಲ್ಲ. ನಲವತ್ತು ವರ್ಷ ತಾನು ಹುಡುಕಿದ ಊಟ ಇದೇ ಎಂದು ಅವರು ಕಣ್ಣಲ್ಲಿ ನೀರು ತಂದುಕೊಂಡು ಹೇಳಿದರು. ನೀರು ಬಂದದ್ದು ಖಾರಕ್ಕೆ, ಮಾತು ಮಾತ್ರ ನಿಜ. ಊರಿಗೆ ಹೋದ ಕೂಡಲೇ ಮನೆಯ ಕಾಗದಕ್ಕೆ ಸಹಿ ಹಾಕೋಣ, ಇನ್ನು ಬೇರೆ ಯಾರನ್ನೂ ನೋಡುವುದಿಲ್ಲ ಎಂದು ಗುರುಪ್ರಸಾದನ ಕೈ ಕುಲುಕಿದರು. ವಿಷಯ ತಿಳಿದ ಬಂಗಾರೆವ್ವ ಮೇಲೆ, ಇಳಿದು ಬಂದ ಕವಲುಗಳ ಕಡೆ ನೋಡಿ ಕೈಮುಗಿದರು. ಹಾಲು ಉಕ್ಕಿಸುವ ಪಾತ್ರೆ ತಿಕ್ಕಬೇಕು ಎಂದರು.

ಬೆಳಗ್ಗೆ ಹತ್ತಲು ಶುರುಮಾಡಿದರು. ಮೊದಲನೆಯ ಕವಲಿನಲ್ಲಿ ಪೀಟರ್ಸನ್ನರು ನಿಂತರು. ಎಡಕ್ಕೊಂದು ಗುಪ್ಪೆ, ಬಲಕ್ಕೊಂದು ಗುಪ್ಪೆ. ಅವರು ಟೋಪಿ ತೆಗೆದು ತಲೆ ಕೆರೆದುಕೊಂಡರು. ಬಲಗಡೆಯದು ಬಹಳ ಅಚ್ಚುಕಟ್ಟಾಗಿ ಕಟ್ಟಿದ್ದು ಎಂದು ಅದನ್ನೇ ಹಿಡಿದರು. ಹಿಡಿದು ಏರಿದರೆ ಎದುರಿಗೆ ಕಡಿದಾದ ಗೋಡೆ. ವಾಪಸು ಬಂದರು. ಎರಡನೆಯ ಕವಲಿನಲ್ಲಿ ಮೂರು ಗುಪ್ಪೆಗಳು. ಅದರಲ್ಲೊಂದಕ್ಕೆ ಸುತ್ತ ಸಣ್ಣ ಕಲ್ಲುಗಳ ಕಾಂಪೌಂಡೂ ಇತ್ತು. ಇಷ್ಟು ಮುತುವರ್ಜಿಯಿಂದ ಕಟ್ಟಿದವನು ದಾರಿ ಬಲ್ಲವನೇ ಇರಬೇಕೆಂದು ಅದನ್ನು ನಂಬಿದರು. ಅದು ಒಂದು ಮುಳ್ಳುಪೊದೆಯಲ್ಲಿ ಮುಗಿಯಿತು. ಬಿಸಿಲು ಏರಿತು, ಬಾಟಲಿಯ ನೀರು ಇಳಿಯಿತು. ತನಗೆ ಗೊತ್ತಿದ್ದ ಕಣಿವೆ ಇದಲ್ಲವೇನೋ ಎಂದು ಪೀಟರ್ಸನ್ನರು ಮೆಲ್ಲಗೆ ಗೊಣಗಿದರು.

ಗುರುಪ್ರಸಾದ ಒಂದು ಗುಪ್ಪೆಯ ಪಕ್ಕ ಕುಸಿದು ಕೂತ. ಕೂತವನ ಮೂಗಿನ ನೇರಕ್ಕೆ ಮೇಲಿನ ಕಲ್ಲು. ಕಲ್ಲಿನ ಮೇಲೆ ಒಂದು ಬೊಟ್ಟು ಕುಂಕುಮ.

ಅವನು ಮೆಲ್ಲಗೆ ತಿರುಗಿ ನೋಡಿದ. ಬಂಗಾರೆವ್ವ ಗುಪ್ಪೆಗೆ ನಮಸ್ಕಾರ ಮಾಡಿ, ಮಗಳ ಕಿವಿಯಲ್ಲಿ, "ಇದು ಎರಡಂತಸ್ತಿಂದು," ಎಂದು ಹೆಮ್ಮೆಯಿಂದ ಹೇಳುತ್ತಿದ್ದರು.

ಜಲಜಾ ಗಂಡನ ಮುಖ ನೋಡಿದಳು. ಗಂಡ ಹೆಂಡತಿಯ ಮುಖ ನೋಡಿದ. ಇಬ್ಬರಿಗೂ ಒಟ್ಟಿಗೇ ಅರ್ಥವಾಯಿತು. ಸತ್ಯ ಹೇಳಿದರೆ ನಿಂಬೆಗಿಡದ ಮನೆ ಹೋಯಿತು. ಪ್ರಾಣಕ್ಕೆ ಸಂಚಕಾರ ತಂದವರಿಗೆ ಯಾವ ಪುಣ್ಯಾತ್ಮ ಮನೆ ಮಾರುತ್ತಾನೆ? ಹಾಗಾಗಿ ಗುರುಪ್ರಸಾದ ಗಂಡಸರಿಗೆ ಸಹಜವಾದ ಉಪಾಯ ಹೂಡಿದ. ಮುಂದಿನ ಕವಲಿನಿಂದ ಶೂಸಿನ ದಾರ ಕಟ್ಟುವ ನೆಪದಲ್ಲಿ ಹಿಂದೆ ನಿಂತು, ಯಾರೂ ನೋಡದಾಗ ಗುಪ್ಪೆಗಳನ್ನು ಒದ್ದು ಕೆಡವುತ್ತ ಬಂದ. ಅವಸರಕ್ಕೆ ಅತ್ತೆ ಕಟ್ಟಿದ್ದು ಯಾವುದು, ನಲವತ್ತು ವರ್ಷದ್ದು ಯಾವುದು ಎಂದು ನೋಡಲಿಲ್ಲ. ಎರಡನ್ನೂ ಒದ್ದ.

ಪೀಟರ್ಸನ್ನರು ಹಿಂದಿರುಗಿ ನೋಡಿದರು. ಇಲ್ಲಿ ಈಗ ತಾನೇ ಒಂದು ಗುಪ್ಪೆ ಇತ್ತಲ್ಲ ಎಂದರು. ಎಲ್ಲಿ, ನನಗೆ ಕಾಣಲೇ ಇಲ್ಲ ಎಂದ ಗುರುಪ್ರಸಾದ, ಒಂದೇ ಕಾಲಿನ ಮೇಲೆ ನಿಂತುಕೊಂಡು. ಇನ್ನೊಂದರ ಹೆಬ್ಬೆರಳು ಕಲ್ಲು ಒದ್ದು ಊದಿಕೊಂಡಿತ್ತು. ಅವರು ಕನ್ನಡಕ ಒರೆಸಿ ಮತ್ತೆ ನೋಡಿದರು. ಹೀಗೆ ಎರಡು ಸಲ ಆಯಿತು, ಮೂರನೆಯ ಸಲವೂ ಆಯಿತು. ಆಮೇಲೆ ಅವರು ಒಂದು ಬಂಡೆಯ ಮೇಲೆ ಕೂತು, ಟೋಪಿಯನ್ನು ತೊಡೆಯ ಮೇಲೆ ಇಟ್ಟುಕೊಂಡರು.

"ನನ್ನ ಮಗಳು ಹೇಳಿದ್ದು ಸರಿ," ಎಂದರ್ಥ ಬರುವ ಹಾಗೆ ಹೇಳಿದರು. "ಇಲ್ಲದ್ದು ಕಾಣುತ್ತಿದೆ, ಇದ್ದದ್ದು ಕಾಣೆಯಾಗುತ್ತಿದೆ. ಈ ಕಣಿವೆ ಒಂದನ್ನಾದರೂ ಮರೆಯಲಾರೆ ಅಂದುಕೊಂಡಿದ್ದೆ."

ತಮ್ಮನ್ನು ನಂಬಿ ಬಂದದ್ದಕ್ಕೆ ಕ್ಷಮೆ ಕೇಳಿದರು. ಇಲ್ಲಿಂದ ಹೇಗಾದರೂ ಹೊರಬಿದ್ದರೆ ಸೋಮವಾರವೇ ಮನೆ ನಿಮ್ಮ ಹೆಸರಿಗೆ ಬರೆದು ಮಗಳ ಹತ್ತಿರ ಹೊರಟುಹೋಗುತ್ತೇನೆ, ಇನ್ನು ಒಂಟಿಯಾಗಿ ಇರುವ ಯೋಗ್ಯತೆ ನನಗಿಲ್ಲ ಎಂದರು. ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡರು.

ನೋಡಿ, ವಿಧಿ ಎಂಥ ಕಿತಾಪತಿಯದು. ಬಾಯಿ ಮುಚ್ಚಿಕೊಂಡು ನಿಂತಿದ್ದರೆ ಮೂರು ಬೆಡ್‌ರೂಮು, ನಿಂಬೆಗಿಡ, ಬಾರ್ಟ್ ಸ್ಟೇಷನ್ನು ಎಲ್ಲವೂ ಸೋಮವಾರಕ್ಕೆ ಗುರುಪ್ರಸಾದನವು. ಅವನು ಬಾಯಿ ಮುಚ್ಚಿಕೊಂಡೇ ನಿಂತಿದ್ದ. ಬಂಗಾರೆವ್ವ, "ಯಾಕ ಅಳಾಕತ್ತಾರ ಹಿರ್ಯಾರು?" ಎಂದು ಕೇಳಿದರು. ಜಲಜಾ ಗಂಡನನ್ನೇ ನೋಡುತ್ತ ನಿಂತಳು. ಗುರುಪ್ರಸಾದ ಆ ಮುದುಕರ ತೊಡೆಯ ಮೇಲಿನ ಟೋಪಿ ನೋಡಿ, ಕುಂಟುತ್ತ ಅವರ ಮುಂದೆ ಬಂದು ನಿಂತ.

"ಮಿಸ್ಟರ್ ಪೀಟರ್ಸನ್, ಗುಪ್ಪೆ ಇತ್ತು," ಎಂದ. "ನಾನೇ ಒದ್ದು ಕೆಡವಿದೆ."

"ಯಾಕೆ?"

"ಅದನ್ನ ನಮ್ಮತ್ತೆ ಕಟ್ಟಿದ್ದರು."

"ಯಾಕೆ?"

"ನಿಮ್ಮ ಮನೆಗೋಸ್ಕರ."

ಪೀಟರ್ಸನ್ನರು ಬಂಗಾರೆವ್ವನವರ ಕಡೆ ತಿರುಗಿದರು. ಜಲಜಾ ತಾಯಿಗೆ ನಡೆದದ್ದನ್ನೆಲ್ಲ ಹೇಳಿದಳು. ಮೊದಲ ದಿನದ ಪಾಠವನ್ನೂ ಈ ಸಲ ಪೂರ್ತಿಯಾಗಿ ಹೇಳಿದಳು. ಬಂಗಾರೆವ್ವ ಅಳಿಯನನ್ನು ಒಂದು ನೋಟ ನೋಡಿದರು. ಆ ನೋಟದಲ್ಲಿ ಮರ್ಯಾದೆಗೆ ಕೊರತೆಯೇನೂ ಇರಲಿಲ್ಲ, ಆದರೂ ಅವನು ಎರಡು ಹೆಜ್ಜೆ ಹಿಂದೆ ಸರಿದ. ಆಮೇಲೆ ಅವರು ಪೀಟರ್ಸನ್ನರ ಮುಂದೆ ಬಂದು ಸೊಂಟದಿಂದ ಕುಂಕುಮದ ಭರಣಿ ತೆಗೆದು ತೋರಿಸಿದರು.

"ಕಟ್ಟೀನಿ ಅಂತ ಹೇಳ, ಜಲಜಾ. ಕದ್ದೇನ್ ಕಟ್ಟಿಲ್ಲ. ಗೊತ್ತಿಲ್ದ ಆತು, ತಪ್ಪಾತು ಅಂತ ಹೇಳ. ಅವ್ರ ತಲಿ ನೆಟ್ಟಗ ಐತಿ ಅಂತನೂ ಹೇಳ."

ಪೀಟರ್ಸನ್ನರು ಭರಣಿ ನೋಡಿದರು. ಆಚೆ ಬಿದ್ದಿದ್ದ ಕಲ್ಲನ್ನು ಎತ್ತಿ, ಅದರ ಮೇಲಿನ ಕೆಂಪು ಬೊಟ್ಟನ್ನು ನೋಡಿದರು. ಮುಖ ಮುಚ್ಚಿಕೊಂಡರು. ಭುಜ ಅಲುಗಾಡತೊಡಗಿತು. ಅಳುತ್ತಿದ್ದಾರೆಂದು ಜಲಜಾ ಓಡಿಹೋಗಿ ನೀರಿನ ಬಾಟಲಿ ಹಿಡಿದಳು. ಅವರು ನಗುತ್ತಿದ್ದರು. ಆ ನಗು ಗೋಡೆಗೆ ಬಡಿದು, ಎದುರು ಗೋಡೆಗೂ ಬಡಿದು, ಕಣಿವೆಯಲ್ಲಿ ಒಂದಿಪ್ಪತ್ತು ಪೀಟರ್ಸನ್ನರು ನಕ್ಕ ಹಾಗಾಯಿತು.

ಮೊದಲ ಕವಲಿನಲ್ಲಿ ಎಡಕ್ಕೇ ತಿರುಗಬೇಕೆಂದು ನನಗೆ ನೆನಪಿತ್ತು ಎಂದರು, ಕಣ್ಣೊರೆಸಿಕೊಂಡು. ಎರಡನೆಯದರಲ್ಲಿ ಒಂಟೆಯ ಗೂನಿನಂಥ ಬಂಡೆಯ ಪಕ್ಕ ಎಂದೂ ನೆನಪಿತ್ತು. ಕಲ್ಲು ಬೇರೆ ಹೇಳಿತು, ನಾನು ಕಲ್ಲನ್ನು ನಂಬಿದೆ, ನನ್ನನ್ನು ನಂಬಲಿಲ್ಲ. ಹೀಗೆಂದವರೇ ಟೋಪಿ ಹಾಕಿಕೊಂಡು ಎದ್ದರು. ಆಮೇಲೆ ಅವರು ದಾರಿಗೆಂದು ಒಂದು ಗುಪ್ಪೆಯ ಕಡೆಗೂ ಕಣ್ಣೆತ್ತಲಿಲ್ಲ. ಇಲ್ಲೊಂದು ಬಿರುಕು ಬರುತ್ತದೆ ನೋಡಿ ಎನ್ನುವರು, ಬಿರುಕು ಬರುವುದು. ಇಲ್ಲಿ ಹಲ್ಲಿಗಳಿರುತ್ತವೆ ಎನ್ನುವರು, ಹಲ್ಲಿಯೊಂದು ಬಂದು ತಲೆ ಅಲ್ಲಾಡಿಸಿ ಹೋಗುವುದು. ಕೆಡವಿದ ಹಳೆಯ ಗುಪ್ಪೆಗಳನ್ನು ಗುರುಪ್ರಸಾದನ ಕೈಯಿಂದಲೇ ಮತ್ತೆ ಕಟ್ಟಿಸಿದರು, ಹೊಸವನ್ನು ಅವನಿಂದಲೇ ಬಿಚ್ಚಿಸಿದರು. ಬಿಚ್ಚುವಾಗೆಲ್ಲ ಬಂಗಾರೆವ್ವ ಆಚೆ ಮುಖ ತಿರುಗಿಸಿ ನಿಲ್ಲುತ್ತಿದ್ದರು. ಅಡ್ಡದಾರಿಯ ಒಳಗೆಲ್ಲೋ ಉಳಿದವನ್ನು ಮುಂದಿನ ತಿಂಗಳು ತಾವೇ ಬಂದು ತೆಗೆಯುವುದಾಗಿ ಪೀಟರ್ಸನ್ನರು ಹೇಳಿದರು. ಇನ್ನೊಮ್ಮೆ ಬರಲು ನೆಪ ಸಿಕ್ಕಿತೆಂದು ಅವರಿಗೆ ಖುಷಿಯೋ ಖುಷಿ.

ಬಿಸಿಲು ಇಳಿಯುವ ಮೊದಲೇ ಮೇಲೆ ಬಂದರು. ಕಾರಿನ ಹತ್ತಿರ ಗುರುಪ್ರಸಾದ ತಲೆ ತಗ್ಗಿಸಿ, ಇನ್ನೂ ಒಂದು ವಿಷಯವಿದೆ, ವಾರ ವಾರ ಅಂದದ್ದು ಸುಳ್ಳು ಎಂದ. ಅದು ಇಳಿಯಲು ಶುರುಮಾಡಿದ ಐದೇ ನಿಮಿಷಕ್ಕೆ ಗೊತ್ತಾಯಿತು ಎಂದು ಪೀಟರ್ಸನ್ನರು ಅವನ ಕಾಲಿನ ಕಡೆ ಬೆರಳು ತೋರಿಸಿದರು. ಶೂಸಿನ ಒಳಗಿಂದ ಅಂಗಡಿಯ ಟ್ಯಾಗು ಹೊರಬಂದು ಗಾಳಿಗೆ ತೂಗುತ್ತಿತ್ತು. ಅದರ ಬಗ್ಗೆ ನನಗೇನೂ ಬೇಸರವಿಲ್ಲ, ಸತ್ಯ ಹೇಳಿದಿರಲ್ಲ ಎಂದು ಅವನನ್ನು ತಬ್ಬಿಕೊಂಡರು.

ಆ ಅಪ್ಪುಗೆಯಲ್ಲಿ ಗುರುಪ್ರಸಾದನಿಗೆ ನಿಂಬೆಗಿಡದ ವಾಸನೆಯೇ ಬಂತು. ಹಾಗಾದರೆ ಸೋಮವಾರ ಎಷ್ಟು ಹೊತ್ತಿಗೆ ಬರಲಿ ಎಂದು ಕೇಳಿದ.

"ಯಾತಕ್ಕೆ?" ಎಂದರು ಪೀಟರ್ಸನ್ನರು. "ಮನೆ ನಾನು ಮಾರುವುದಿಲ್ಲ. ಹಲ್ಲಿ ಎಲ್ಲಿರುತ್ತದೆ ಎಂದು ನೆನಪಿರುವವನು ಒಲೆ ಆರಿಸುವುದನ್ನು ಕಲಿಯಲಾರನೇ? ಈ ರಾತ್ರಿಯೇ ಮಗಳಿಗೆ ಫೋನು ಮಾಡಿ ಹೇಳುತ್ತೇನೆ."

ಬಂಗಾರೆವ್ವನವರಿಗೆ ಎರಡೂ ಕೈಯೆತ್ತಿ ಮುಗಿದು, ಉಳಿದಿದ್ದ ರೊಟ್ಟಿ ಇಸಿದುಕೊಂಡು, ತಮ್ಮ ಹಳೆಯ ಟ್ರಕ್ಕು ಹತ್ತಿ ಸಿಳ್ಳೆ ಹಾಕುತ್ತ ಹೊರಟುಹೋದರು.

ರೇಂಜರ್ ಆಫೀಸಿನಲ್ಲಿ ಕುಕ್ಕರು ಬಿಟ್ಟದ್ದು ಜಲಜಾಳಿಗೆ ನೆನಪಾದದ್ದು ಫ್ರೀವೇಗೆ ಬಂದ ಮೇಲೆ. ಅತ್ತೆಗೆ ಏನೆಂದು ಸಮಾಧಾನ ಹೇಳುವುದೆಂದು ಗುರುಪ್ರಸಾದ ಕನ್ನಡಿಯಲ್ಲಿ ನೋಡಿದ. ಹಿಂದಿನ ಸೀಟಿನಲ್ಲಿ ಅವರು ಹುಬ್ಬು ಗಂಟಿಕ್ಕಿಕೊಂಡು ಏನೋ ಲೆಕ್ಕಾಚಾರದಲ್ಲಿದ್ದರು.

"ಹರಕಿ ಮುಟ್ಟೈತಿ," ಎಂದರು ಕೊನೆಗೆ. "ದೇವ್ರ ತಪ್ಪಿಲ್ಲ. ಹಿರ್ಯಾರ ಮನಿ ಹಿರ್ಯಾರಿಗೆ ಉಳಿತಲ್ಲ? ನಾ ಮನಿ ಕೊಡಪಾ ಅಂತ ಬೇಡ್ಕೊಂಡೆ. ಯಾರಿಗೆ ಅಂತ ಹೇಳೂದ ಮರ್ತೆ."

ಮರುದಿನ ಸಂಜೆ ಶೂಸಿನ ಡಬ್ಬಿ ಹಿಡಿದು ವಾಪಸು ಕೊಡಲು ಹೊರಟ ವಾಹಿದ, ಈಜುಕೊಳದ ಹತ್ತಿರ ನಿಂತುಬಿಟ್ಟ. ಬಂಗಾರೆವ್ವ ಬಿಳಿ ಕಲ್ಲುಗಳನ್ನು ಒಂದರ ಮೇಲೊಂದು ಇಡುತ್ತ, ಕೊರಿಯರ್ ಹುಡುಗನಿಗೆ ವಿಳಾಸ ಬರೆಸಿದಂತೆ ಜೋರಾಗಿ, ಬಿಡಿಸಿ ಬಿಡಿಸಿ ಹೇಳುತ್ತಿದ್ದರು. ಊರು ಯೂನಿಯನ್ ಸಿಟಿ. ಹೆಸರು ಜಲಜಾ, ಗಂಡನ ಹೆಸರು ಗುರುಪ್ರಸಾದ. ಮೂರು ಖೋಲಿ. ಹಿತ್ತಲದಾಗ ನಿಂಬಿಗಿಡ.

ಕೊಳ ಸ್ವಚ್ಛ ಮಾಡುವವನು ಕಸಬರಿಗೆ ಹಿಡಿದು ದೂರದಲ್ಲಿ ಕಾಯುತ್ತಿದ್ದ. ಅವನಿಗೆ ಅಡ್ಡ ನಿಂತಿದ್ದವನು ಗುರುಪ್ರಸಾದ, ಮನೆಯಿಂದ ಕೊಳದ ತನಕ ಕಾಲ್ನಡಿಗೆಯಲ್ಲೇ ಬಂದವನು. ಅವನು ಬಗ್ಗಿ ಇದ್ದುದರಲ್ಲೇ ಚಪ್ಪಟೆಯಾದ ಒಂದು ಕಲ್ಲು ಆರಿಸಿ ಅತ್ತೆಯ ಕೈಗೆ ಕೊಟ್ಟ.

"ಅತ್ತೆ," ಎಂದ, ಯಾರಿಗೂ ಕೇಳಿಸದ ಹಾಗೆ, "ಗರಾಜು ಎರಡು ಕಾರಿಂದು ಅಂತಲೂ ಹೇಳಿಬಿಡಿ."